ಬಣ್ಣ ಬಯಲಾದೀತೆಂಬ ಅಳುಕು

ಬಡ್ತಿಯ ಆದೇಶ ಕೈಸೇರಿದ ವಾರವೇ ಆಪ್ತಸಮಾಲೋಚನೆಗೆ ಬರುವವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕೆಲಸದಲ್ಲಿ ಎಡವಿದವರಿಗಿಂತ ಗೆದ್ದವರೇ ಹೆಚ್ಚಾಗಿ, ‘ಇವರೆಲ್ಲ ನನ್ನನ್ನು ಏನೋ ಅಂದುಕೊಂಡಿದ್ದಾರೆ, ಇವತ್ತಲ್ಲ ನಾಳೆ ನನ್ನ ಬಣ್ಣ ಬಯಲಾಗುತ್ತದೆ’ ಎನ್ನುತ್ತಾರೆ.

ಈ ಅಳುಕನ್ನು 1978ರಲ್ಲಿ ಮೊದಲು ವಿವರಿಸಿದವರು ಅಮೆರಿಕದ ಮನೋವಿಜ್ಞಾನಿಗಳಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್. ಅವರು ಅದನ್ನು ‘ಇಂಪೋಸ್ಟರ್ ಫಿನಾಮಿನನ್’ (ತಾನು ಸೋಗು ಹಾಕಿದವನೆಂಬ ಅನಿಸಿಕೆ) ಎಂದು ಕರೆದರೇ ಹೊರತು, ಕಾಯಿಲೆಯ ಧ್ವನಿಯಿರುವ ‘ಸಿಂಡ್ರೋಮ್’ ಎನ್ನಲಿಲ್ಲ. ಮನೋರೋಗಗಳ ಅಧಿಕೃತ ಪಟ್ಟಿಯಾದ ಡಿಎಸ್‌ಎಂನಲ್ಲಿಯೂ ಇದು ಸೇರಿಲ್ಲ. ಅವರು ಗಮನಿಸಿದ್ದು ಉನ್ನತ ಸಾಧನೆಯ ಮಹಿಳೆಯರನ್ನು. ಪುರುಷರಲ್ಲಿಯೂ ಇದು ಇದೆಯೆಂಬುದು ನಂತರದ ಅಧ್ಯಯನಗಳಿಂದ ತಿಳಿಯಿತು. 62 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2020ರ ವಿಮರ್ಶೆಯೊಂದರಲ್ಲಿ ಇದರ ಪ್ರಮಾಣ ಶೇ. 9ರಿಂದ ಶೇ. 82ರವರೆಗೆ ಕಂಡುಬಂದಿತ್ತು. ಅಳೆಯುವ ಮಾನದಂಡ ಬದಲಾದಂತೆ ಅಂಕಿಯೂ ಬದಲಾಗುವುದರಿಂದ, ‘ನೂರಕ್ಕೆ ಇಷ್ಟು ಮಂದಿ’ ಎಂಬ ಮಾತನ್ನು ನಾನಂತೂ ಹೆಚ್ಚು ನೆಚ್ಚುವುದಿಲ್ಲ.

ಹೊಗಳಿಕೆಯಿಂದ ಈ ಅಳುಕು ಏಕೆ ಕರಗುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಹೊಸ ಹೊಣೆ ಬಂದೊಡನೆ ಕೆಲವರು ಅಗತ್ಯಕ್ಕಿಂತ ನಾಲ್ಕು ಪಟ್ಟು ತಯಾರಿ ನಡೆಸುತ್ತಾರೆ, ಇನ್ನು ಕೆಲವರು ಕೊನೆಯ ಗಳಿಗೆಯವರೆಗೂ ಮುಂದೂಡುತ್ತಾರೆ. ಕೆಲಸ ಗೆದ್ದಾಗ ಮೊದಲನೆಯವರು ‘ಅಷ್ಟು ಒದ್ದಾಡಿದ್ದರಿಂದ ಆಯಿತು’ ಎನ್ನುತ್ತಾರೆ, ಎರಡನೆಯವರು ‘ಅದೃಷ್ಟ’ ಎನ್ನುತ್ತಾರೆ. ಹೀಗಾಗಿ ಗೆಲುವು ಎರಡೂ ಕಡೆ ಸಾಮರ್ಥ್ಯದ ಲೆಕ್ಕಕ್ಕೆ ಜಮೆಯಾಗುವುದೇ ಇಲ್ಲ.

ಆದ್ದರಿಂದ ನಾನು ಧೈರ್ಯ ತುಂಬುವ ಮಾತಿಗಿಂತ ಒಂದು ನೋಟ್‌ಬುಕ್ಕನ್ನು ನೆಚ್ಚುತ್ತೇನೆ. ಹದಿನೈದು ನಿಮಿಷದ ಪ್ರೆಸೆಂಟೇಶನ್‌ಗಾಗಿ ನಾಲ್ಕು ರಾತ್ರಿ ನಿದ್ದೆಗೆಡುತ್ತಿದ್ದ ಇಂಜಿನಿಯರ್ ಒಬ್ಬರಿಗೆ, ತಯಾರಿಯನ್ನು ಒಂದೇ ಸಂಜೆಗೆ ಮಿತಿಗೊಳಿಸಿ, ಏನಾಗಬಹುದೆಂಬ ಭಯವನ್ನು ಎಡಪುಟದಲ್ಲಿಯೂ ನಡೆದದ್ದನ್ನು ಬಲಪುಟದಲ್ಲಿಯೂ ಬರೆಯಲು ಹೇಳಿದೆ. ‘ಮೂರನೆಯ ಸ್ಲೈಡಿನ ಬಗ್ಗೆ ಪ್ರಶ್ನೆ ಬರುತ್ತದೆ, ನನಗೆ ಉತ್ತರ ತೋಚುವುದಿಲ್ಲ, ಎಲ್ಲರಿಗೂ ಗೊತ್ತಾಗಿಹೋಗುತ್ತದೆ’ ಎಂಬುದು ಎಡಪುಟದ ಬರಹ. ಪ್ರಶ್ನೆ ಬಂತು, ಉತ್ತರವೂ ತೋಚಲಿಲ್ಲ. ‘ನಾಳೆ ನೋಡಿ ತಿಳಿಸುತ್ತೇನೆ’ ಎಂದಾಗ ಕೇಳಿದವರು ‘ಆಗಲಿ’ ಎಂದು ಮುಂದಿನ ವಿಷಯಕ್ಕೆ ಹೋದರು. ಬಲಪುಟದಲ್ಲಿ ಅವರು ಬರೆದದ್ದು ಆ ‘ಆಗಲಿ’ ಎಂಬ ಒಂದೇ ಪದವನ್ನು.

ಎಲ್ಲ ಅಳುಕಿಗೂ ಇದೇ ಮದ್ದಲ್ಲ. ಹೊಸ ಹುದ್ದೆಯಲ್ಲಿ ನಿಜವಾಗಿಯೂ ತಿಳಿಯದ ಸಂಗತಿಗಳಿರುತ್ತವೆ, ಅವನ್ನು ಕಲಿಯಲೇಬೇಕು. ತಪ್ಪು ಹುಡುಕಿ ಹಂಗಿಸುವುದೇ ರೂಢಿಯಾಗಿರುವ ಕಚೇರಿಯಲ್ಲಾದರೆ ತಿದ್ದಬೇಕಾದದ್ದು ಉದ್ಯೋಗಿಯ ಮನಸ್ಸನ್ನಲ್ಲ. ನಿದ್ದೆ, ಹಸಿವು ಕೆಟ್ಟು ವಾರಗಳೇ ಕಳೆದಿದ್ದರೆ ನಾನು ನೋಟ್‌ಬುಕ್ಕನ್ನು ಬದಿಗಿಟ್ಟು, ಮೊದಲು ಮನೋವೈದ್ಯರಲ್ಲಿಗೆ ಕಳುಹಿಸುತ್ತೇನೆ.