ಜೇನು ಕೊಯ್ದ ಮರಕ್ಕೆ ಹೆಜ್ಜೇನು ಮತ್ತೆ ಬರುತ್ತದೆಯೇ?

ಪ್ರಶ್ನೆ: ಕಾಡಿನ ಬುಡಕಟ್ಟಿನವರಾದ ಜೇನು ಕುರುಬರು ಹೊಗೆ ಹಾಕಿ ಹೆಜ್ಜೇನು ತೆಗೆಯುತ್ತಾರಲ್ಲ, ಇದರಿಂದ ಕೊಡಗಿನ ಕಾಡಲ್ಲಿ ಜೇನುಹುಳುಗಳೇ ಇಲ್ಲವಾಗುವುದಿಲ್ಲವೇ?

ಉತ್ತರ: ಅದು ತೆಗೆಯುವ ರೀತಿಯ ಮೇಲಿದೆ.

ಹೆಜ್ಜೇನಿಗೆ ಇರುವುದು ಒಂದೇ ದೊಡ್ಡ ಎರಿ, ಅಂದರೆ ಮೇಣದ ಹಲಗೆಯಂಥ ಗೂಡು. ಎತ್ತರದ ಕೊಂಬೆಗೋ ಬಂಡೆಗೋ ಬಯಲಲ್ಲೇ ಜೋತು ಬಿದ್ದಿರುತ್ತದೆ. ತುಪ್ಪ ಎಲ್ಲ ಕಡೆ ತುಂಬಿರುವುದಿಲ್ಲ. ಕೊಂಬೆಗೆ ಅಂಟಿದ ಮೇಲ್ಭಾಗದಲ್ಲಿ, ಒಂದು ಪಕ್ಕಕ್ಕೆ ಎರಿ ದಪ್ಪಗೆ ಉಬ್ಬಿರುತ್ತದೆ ನೋಡಿ, ತುಪ್ಪ ಇರುವುದು ಅಲ್ಲಿ. ಅದರ ಕೆಳಗೆಲ್ಲ ಮೊಟ್ಟೆ, ಮರಿ. ಕತ್ತಲಲ್ಲಿ ಹಸಿಸೊಪ್ಪಿನ ಹೊಗೆ ಹಿಡಿದು ಮರ ಹತ್ತಿದವರ ಕೈಗೆ ಆ ಉಬ್ಬು ಸಿಗಬೇಕು. ಅಷ್ಟನ್ನೇ ಕೊಯ್ದು ಮರಿಯ ಭಾಗ ಬಿಟ್ಟರೆ ಹುಳುಗಳು ತಿರುಗಿ ಬಂದು ಕೂರುತ್ತವೆ. ಬೆಂಕಿ ಹಚ್ಚಿ ಸುಟ್ಟು ಇಡೀ ಎರಿ ಕಿತ್ತರೆ ಆ ಸಂಸಾರ ಮುಗಿಯಿತು.

ಹೆಜ್ಜೇನು ವಲಸೆ ಹೋಗುವ ಜಾತಿ. ಹೂವಿನ ಕಾಲಕ್ಕೆ ಬರುತ್ತದೆ, ಮಳೆಗಾಲಕ್ಕೆ ಹೊರಡುತ್ತದೆ. ಎಷ್ಟೋ ಸಲ ಮರುವರ್ಷವೂ ಅದೇ ಮರಕ್ಕೆ ಬರುತ್ತದೆ. ಅದಕ್ಕೇ ಜೇನು ನಂಬಿ ಬದುಕಿದವರು ಜೇನುಮರಕ್ಕೆ ಕೊಡಲಿ ಹಾಕುವುದಿಲ್ಲ. ಯಾವ ಮರ ಯಾವಾಗ ಹೂ ಬಿಡುತ್ತದೆ, ಯಾವ ಹೂವಿನ ತುಪ್ಪಕ್ಕೆ ಯಾವ ರುಚಿ ಅನ್ನುವುದೂ ಅವರಿಗೆ ಗೊತ್ತು. ನೇರಳೆ ಹೂವಿನ ತುಪ್ಪ ಸ್ವಲ್ಪ ಕಹಿ.

ಇನ್ನು ಕಾಫಿ ತೋಟದ ಮಾತು. ರೊಬಸ್ಟಾ ಜಾತಿಯ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದ ಮೇಲೆ ಹೂ ಇರುವುದೇ ಕೆಲವು ದಿನ. ಆಗ ಕಾಡಿಂದ ಹಾರಿ ಬಂದು ಗಿಡದಿಂದ ಗಿಡಕ್ಕೆ ಪರಾಗ ಮುಟ್ಟಿಸುವುದರಲ್ಲಿ ಹೆಜ್ಜೇನಿನ ಪಾಲು ದೊಡ್ಡದು. ದೊಡ್ಡ ಕಾಡುಮರ ತೆಗೆದು ಸಿಲ್ವರ್ ಓಕ್ ನೆಟ್ಟಾಗ, ಹೂವಿನ ಹೊತ್ತಲ್ಲಿ ಔಷಧಿ ಹೊಡೆದಾಗ ನಾವೇ ಅದನ್ನು ದೂರ ಮಾಡುತ್ತಿದ್ದೇವೆ, ಅಲ್ವಾ?

ನನ್ನನ್ನು ಕಾಡುವುದು ಬೇರೆ ಸಂಗತಿ. 1970ರ ದಶಕದಿಂದ ನಾಗರಹೊಳೆ ಕಾಡಿನಲ್ಲಿದ್ದ ಇವರ ಎಷ್ಟೋ ಹಾಡಿಗಳನ್ನು, ಅಂದರೆ ಬುಡಕಟ್ಟಿನ ಊರುಗಳನ್ನು, ಎಬ್ಬಿಸಿದರು. ಹಲವು ಕುಟುಂಬಗಳು ತೋಟದ ಲೈನ್‌ಮನೆ, ಅಂದರೆ ಕೂಲಿಯವರ ಸಾಲುಮನೆ, ಸೇರಿದವು. 2006ರ ಅರಣ್ಯ ಹಕ್ಕು ಕಾಯ್ದೆ ಜೇನು ಸಂಗ್ರಹಿಸುವ ಹಕ್ಕನ್ನು ಒಪ್ಪಿದೆ. ಆದರೆ ಈ ವಿದ್ಯೆ ಬರುವುದು ಹಿರಿಯರ ಹಿಂದೆ ಕಾಡು ಸುತ್ತಿ. ಲೈನ್‌ಮನೆಯಲ್ಲಿ ಬೆಳೆದ ಹುಡುಗನಿಗೆ ಅದು ಎಲ್ಲಿಂದ ಬರಬೇಕು?

ನಿಮ್ಮ ತೋಟದ ಮರದಲ್ಲಿ ಹೆಜ್ಜೇನು ಕೂತಿದ್ದರೆ ದಯವಿಟ್ಟು ಸುಡಿಸಬೇಡಿ. ಕೆಳಗೆ ಕೆಲಸ ಇದ್ದರೆ ಸ್ವಲ್ಪ ದಿನ ಮುಂದೂಡಿ. ಮಳೆ ಹಿಡಿಯುವ ಹೊತ್ತಿಗೆ ಅವೇ ಹೊರಡುತ್ತವೆ. ತೆಗೆಸಲೇಬೇಕು ಅಂತಿದ್ದರೆ ಹತ್ತಿರದ ಹಾಡಿಗೆ ಹೋಗಿ, ಜೇನು ಬಲ್ಲ ಹಿರಿಯರನ್ನು ಕೇಳಿ.