‘ಕಣ್ಣ ಪಿಳುಕಿಸಬ್ಯಾಡೋ’ ಎಂದಷ್ಟೂ ಪಿಳುಕುವ ಕಣ್ಣು

“ಕಣ್ಣ ಪಿಳುಕಿಸಬ್ಯಾಡೋ, ಹಂಗ್ಯಾಕ ಮಾಡ್ತಿ?” ಏಳೆಂಟು ವರ್ಷದ ಹುಡುಗ ದಿನಕ್ಕೆ ಎಷ್ಟು ಸಲ ಈ ಮಾತು ಕೇಳುತ್ತಾನೆ ಎಂದು ಮನೆಯವರು ಒಂದು ದಿನ ಎಣಿಸಿ ನೋಡಬೇಕು. ಅವ್ವ, ಮುತ್ಯಾ, ಟ್ಯೂಷನ್ ಸರ್, ಬಾಜೂ ಮನೆ ಕಾಕು, ಎಲ್ಲರೂ ಹೇಳುತ್ತಾರೆ. ಎಲ್ಲರೂ ಒಳ್ಳೆಯದಕ್ಕೇ ಹೇಳುತ್ತಾರೆ. ಚಿಕಿತ್ಸೆ ಶುರುವಾಗಬೇಕಾದದ್ದು ಈ ಮಾತು ನಿಲ್ಲಿಸುವುದರಿಂದಲೇ.

ಕಣ್ಣು ಪಿಳುಕಿಸುವುದು, ಮೂಗು ಸಿಂಡರಿಸುವುದು, ಹೆಗಲು ಎಗರಿಸುವುದು, ‘ಹ್ಞುಂ ಹ್ಞುಂ’ ಎಂದು ಗಂಟಲು ಸರಿಮಾಡಿಕೊಳ್ಳುವುದು, ಇವು ಟಿಕ್‌ಗಳು. ಸೀನು ಬರುವ ಮುಂಚೆ ಮೂಗಿನಲ್ಲಿ ಏಳುವ ಒತ್ತಡದಂಥದ್ದೇ ಒಂದು ಚಡಪಡಿಕೆ ಮಗುವಿಗೆ ಆ ಜಾಗದಲ್ಲಿ ಆಗುತ್ತದೆ. ಟಿಕ್ ಮಾಡಿದ ಮೇಲೆ ಕ್ಷಣ ಹೊತ್ತು ಹಗುರ. ತೀರ ಚಿಕ್ಕವರಿಗೆ ಇದು ಗೊತ್ತಾಗುವುದಿಲ್ಲ, ಹತ್ತರ ಸುಮಾರಿಗೆ ಹೇಳಲು ಬರುತ್ತದೆ. ಟಿಕ್ ಸಾಮಾನ್ಯವಾಗಿ 4ರಿಂದ 6 ವರ್ಷದಲ್ಲಿ ಆರಂಭವಾಗಿ, 10ರಿಂದ 12ರ ಹೊತ್ತಿಗೆ ಜೋರಾಗಿ, ಹರೆಯದಲ್ಲಿ ಹೆಚ್ಚಿನವರಿಗೆ ಇಳಿಯುತ್ತದೆ. ಗಂಡುಮಕ್ಕಳಲ್ಲಿ ಹೆಚ್ಚು. ಅನೇಕರದು ವರ್ಷದೊಳಗೇ ಹೋಗಿಬಿಡುತ್ತದೆ. ಹಲವು ಚಲನೆಯ ಟಿಕ್‌ಗಳ ಜೊತೆಗೆ ಒಂದಾದರೂ ದನಿಯ ಟಿಕ್ ಇದ್ದು, ಶುರುವಾಗಿ ವರ್ಷ ಮೀರಿದರೆ ಟುರೆಟ್ ಎನ್ನುತ್ತೇವೆ. ಟುರೆಟ್ ಎಂದರೆ ಕೆಟ್ಟ ಮಾತು ಒದರುವುದು ಎಂಬುದು ಸಿನಿಮಾ ಕಲಿಸಿದ ಪಾಠ. ಅದು ಕೆಲವೇ ಮಂದಿಯಲ್ಲಿ ಇರುತ್ತದೆ.

ಮೊದಲು ತಪ್ಪುವುದು ಇಲ್ಲಿ. ತೊಗರಿ ರಾಶಿಯ ಕಾಲದಲ್ಲಿ ಧೂಳಿಗೆ ಕಣ್ಣು ಕೆಂಪಾಗಿ ತುರಿಸುವುದು ಅಲರ್ಜಿ. ಅದಕ್ಕೆ ಕೊಟ್ಟ ಡ್ರಾಪ್ಸನ್ನೇ ತಿಂಗಳುಗಟ್ಟಲೆ ಟಿಕ್‌ಗೆ ಹಾಕುವವರಿದ್ದಾರೆ. ಗಂಟಲ ಟಿಕ್‌ಗೆ ಕೆಮ್ಮಿನ ಸಿರಪ್ ಬಾಟಲಿ ಮೇಲೆ ಬಾಟಲಿ ಖಾಲಿಯಾಗುತ್ತದೆ. ಒಮ್ಮೆ ಕಣ್ಣಿನ ನಂಬರ್, ಅಲರ್ಜಿ ನೋಡಿಸಿ, ಅಲ್ಲಿಗೆ ಮುಗಿಸಿ. ನಿದ್ದೆಯಲ್ಲಿ ಬಹುಮಟ್ಟಿಗೆ ನಿಲ್ಲುವುದು, ಸ್ವಲ್ಪ ಹೊತ್ತು ತಡೆಹಿಡಿಯಲು ಆಗುವುದು, ತಿಂಗಳಿಗೊಂದು ರೂಪ ಬದಲಿಸುವುದು, ಇವೆಲ್ಲ ಟಿಕ್‌ನ ಗುರುತು.

ಆ ‘ತಡೆಹಿಡಿಯಲು ಆಗುವುದು’ ಎಂಬುದೇ ಮನೆಯವರನ್ನು ದಾರಿ ತಪ್ಪಿಸುತ್ತದೆ. ಡಾಕ್ಟರ್ ಮುಂದೆ ಕೂತಾಗ ಹುಡುಗ ಒಂದು ಸಲವೂ ಮಾಡುವುದಿಲ್ಲ. “ನೋಡ್ರಿ, ಮನ್ಯಾಗಷ್ಟೇ ಬೇಕಂತಲೇ ಮಾಡ್ತಾನ” ಎಂಬ ತೀರ್ಪು ಹೊರಬೀಳುತ್ತದೆ. ಅಲ್ಲ. ಉಸಿರು ಬಿಗಿಹಿಡಿದಂತೆ ಹಿಡಿದಿರುತ್ತಾನೆ, ಅಷ್ಟೆ. ಹಾಗಾಗಿ ಟಿವಿ ನೋಡುತ್ತ ಕೂತಾಗ ಅವನ ಗಮನಕ್ಕೆ ಬಾರದಂತೆ ಒಂದೆರಡು ನಿಮಿಷದ ವಿಡಿಯೊ ಮಾಡಿ. ಎರಡು ವಾರ ದಿನಾ ಒಂದೇ ಹೊತ್ತಿಗೆ, ಸಂಜೆ 7ರಿಂದ 7:15 ಎನ್ನಿ, ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲಿ ಆ ದಿನದ ವಿಷಯ: ಪರೀಕ್ಷೆ, ನಿದ್ದೆಗೆಟ್ಟದ್ದು, ಮದುವೆ ಮನೆಯ ಗದ್ದಲ, ಜ್ವರ. ಏಪ್ರಿಲ್-ಮೇ ಬಿಸಿಲಿನಲ್ಲಿ ಕೆಲವು ಮಕ್ಕಳಿಗೆ ಹೆಚ್ಚಾಗುವುದೂ ಇದರಲ್ಲೇ ಕಾಣುತ್ತದೆ.

ಎಣಿಕೆಯ ಜೊತೆಗೇ ಮನೆಯ ಬಾಯಿ ಬಂದ್ ಆಗಬೇಕು. ಬೈಯುವುದೂ ಇಲ್ಲ, ನೆನಪಿಸುವುದೂ ಇಲ್ಲ. ಇನ್ನೊಂದು ಬದಿಯೂ ಇದೆ: ಟಿಕ್ ಬಂತೆಂದು ಹೋಂವರ್ಕ್ ಮಾಫಿ, ಮೊಬೈಲ್ ಕೈಗೆ, ಬೆನ್ನು ಸವರುವುದು. ಪ್ರೀತಿಗೆ ಅಡ್ಡಿಯಿಲ್ಲ, ಅದು ಟಿಕ್ ಬಂದ ಗಳಿಗೆಗೇ ಅಂಟಿಕೊಳ್ಳಬಾರದು. ಹತ್ತು ನಿಮಿಷ ವಿರಾಮ ಕೊಡಿ, ಹೋಂವರ್ಕ್ ಆಮೇಲೆ ಮುಗಿಯಲಿ. ದೇವಲ ಗಾಣಗಾಪುರಕ್ಕೋ ಬಂದೇನವಾಜ್ ದರ್ಗಾಕ್ಕೋ ಹೋಗಿಬರುವುದು ಅವರವರ ಭಕ್ತಿ. ಆದರೆ ಮಗುವಿನ ಕಿವಿಗೆ ಬೀಳುವಂತೆ “ಗಾಳಿ ಸೋಕ್ಯದ” ಎನ್ನಬೇಡಿ. ಟಿಕ್ ಇಳಿದ ಮೇಲೂ ಆ ಮಾತು ಉಳಿಯುತ್ತದೆ.

ಈಗ ಅಭ್ಯಾಸ. ಇದಕ್ಕೆ ಹ್ಯಾಬಿಟ್ ರಿವರ್ಸಲ್ ತರಬೇತಿ ಎನ್ನುತ್ತಾರೆ. ಅತಿ ಹೆಚ್ಚು ತೊಂದರೆ ಕೊಡುವ ಒಂದೇ ಟಿಕ್ ಆರಿಸಿ. ಆರಿಸುವವನು ಹುಡುಗ, ನೀವಲ್ಲ. ಅದು ಎಲ್ಲಿಂದ ಏಳುತ್ತದೆ ಎಂದು ಅವನೇ ತೋರಿಸಲಿ. ಚಡಪಡಿಕೆ ಎದ್ದ ಕೂಡಲೇ ಆ ಟಿಕ್‌ಗೆ ಜಾಗವೇ ಇಲ್ಲದಂಥ ಬೇರೊಂದು ಚಲನೆಯನ್ನು ಒಂದು ನಿಮಿಷ, ಇಲ್ಲವೇ ಚಡಪಡಿಕೆ ತಣ್ಣಗಾಗುವವರೆಗೆ ಹಿಡಿಯಬೇಕು. ಕಣ್ಣಿಗೆ: ಮೂರರಿಂದ ಐದು ಸೆಕೆಂಡಿಗೊಮ್ಮೆ ನಿಧಾನವಾಗಿ, ಮೆತ್ತಗೆ ರೆಪ್ಪೆ ಬಡಿಯುವುದು. ಗಂಟಲಿಗೆ: ತುಟಿ ಮುಚ್ಚಿ ಮೂಗಿನಿಂದ ನಿಧಾನ ಉಸಿರಾಟ. ಹೆಗಲಿಗೆ: ಮೊಣಕೈಯನ್ನು ಪಕ್ಕೆಗೆ ಒತ್ತಿ ಹೆಗಲು ಕೆಳಗಿಳಿಸುವುದು. ಕುತ್ತಿಗೆಗೆ: ಗದ್ದ ತುಸು ಕೆಳಗೆ, ಕುತ್ತಿಗೆ ಹಗುರವಾಗಿ ಬಿಗಿ. ಆರಿಸಿದ ಚಲನೆ ಟಿಕ್‌ಗಿಂತ ಎದ್ದು ಕಾಣುವಂತಿದ್ದರೆ ಸಾಲಿಯಲ್ಲಿ ಮಾಡುವುದೇ ಇಲ್ಲ, ಅಭ್ಯಾಸ ಅಲ್ಲಿಗೇ ಸತ್ತಂತೆ. ಇನ್ನೊಂದು ಸೋಲು, ಅಪ್ಪ ಪೊಲೀಸ್ ಆಗುವುದು. ದಿನಕ್ಕೆ ಹದಿನೈದು ನಿಮಿಷ ಒಟ್ಟಿಗೆ ಕೂತು ಮಾಡಿಸಿ, ಪ್ರಯತ್ನಕ್ಕೆ ಶಾಭಾಷ್ ಹೇಳಿ. ಟಿಕ್ ಬರಲಿಲ್ಲವೆಂದು ಬಹುಮಾನ ಕೊಡಬೇಡಿ.

ತಡೆದರೆ ಆಮೇಲೆ ದುಪ್ಪಟ್ಟು ಬರುತ್ತದೆ ಎಂಬ ಭಯ ಬೇಡ, ಅಧ್ಯಯನಗಳಲ್ಲಿ ಹಾಗೆ ಕಂಡಿಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 9ರಿಂದ 17 ವರ್ಷದ 126 ಮಕ್ಕಳಿದ್ದರು. ಹತ್ತು ವಾರಗಳಲ್ಲಿ ಎಂಟು ಭೇಟಿಯ ಈ ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚೆನ್ನಾಗಿ ಗುಣ ಕಂಡಿತು, ಬರೀ ಸಮಾಧಾನ-ತಿಳಿವಳಿಕೆ ಸಿಕ್ಕವರಲ್ಲಿ ಐವರಲ್ಲಿ ಒಬ್ಬರಿಗೂ ಇಲ್ಲ. ಎಂಟು ವರ್ಷದೊಳಗಿನವರಿಗೆ ಇದನ್ನು ಹಟದಿಂದ ಮಾಡಿಸಬೇಡಿ; ಅವರಿಗೆ ಮನೆಯ ಬಾಯಿ ಬಂದ್ ಆದರೇ ಎಷ್ಟೋ ಸಾಕು.

ಸಾಲಿಯಲ್ಲಿ ಟೀಚರಿಗೆ ಎರಡು ಮಾತು: ಬೇಕೆಂದು ಮಾಡುವುದಲ್ಲ, ಅಂಟುವುದಲ್ಲ. ಎಲ್ಲರ ಕಣ್ಣು ಬೀಳುವ ನಡುವಿನ ಬೆಂಚು ಬೇಡ, ಗೋಡೆ ಬದಿ ಇರಲಿ. ಕೇಳಿದಾಗ ಐದು ನಿಮಿಷ ಹೊರಗೆ ಬಿಡಲಿ. ಎಷ್ಟೋ ಸಲ ಮಗುವನ್ನು ನಿಜಕ್ಕೂ ಹಿಂದೆ ಹಾಕುವುದು ಟಿಕ್ ಅಲ್ಲ, ಜೊತೆಗಿರುವ ಗಮನದ ಚಂಚಲತೆ ಅಥವಾ ಗೀಳು. ಅದನ್ನು ಬೇರೆಯಾಗಿ ತೋರಿಸಿ.

ಮಾತ್ರೆ ಬೇಕಾಗುವುದು ನೋವು, ಗಾಯ, ಪಾಠಕ್ಕೆ ಅಡ್ಡಿ, ಸಹಿಸಲಾಗದ ಅಪಹಾಸ್ಯ ಇದ್ದಾಗ. ಕ್ಲೋನಿಡಿನ್ ನಿದ್ದೆ ತರುತ್ತದೆ, ಬಿಪಿ ಇಳಿಸುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಏರುತ್ತದೆ. ರಿಸ್ಪೆರಿಡೋನ್‌ಗೆ ತೂಕ ಏರುತ್ತದೆ. ಟಿಕ್ ತಾನಾಗಿ ಏರಿಳಿಯುವುದರಿಂದ, ಜೋರಿದ್ದಾಗ ಶುರುಮಾಡಿದ ಯಾವ ಔಷಧಿಯೂ, ಯಾವ ತಾಯಿತವೂ, ಕೆಲಸ ಮಾಡಿದಂತೆಯೇ ಕಾಣುತ್ತದೆ.

ತಡಮಾಡಬಾರದ ಸಂದರ್ಭಗಳಿವೆ. ಗಂಟಲು ನೋವು, ಕೀಲು ನೋವು ಬಂದು ಹೋದ ಮೇಲೆ ಕೈಕಾಲು ಕುಣಿದಂತೆ ಆಡಿ, ಲೋಟ ಜಾರಿ, ಅಕ್ಷರ ಕೆಟ್ಟರೆ ಅದು ರುಮ್ಯಾಟಿಕ್ ಜ್ವರದಿಂದ ಬರುವ ಕೊರಿಯಾ ಇರಬಹುದು; ಆ ಜ್ವರ ಹೃದಯಕ್ಕೂ ತಗಲಬಹುದು, ಹಾಗಾಗಿ ಹೃದಯದ ಎಕೋ (ಸ್ಕ್ಯಾನ್) ಆಗಲೇಬೇಕು. ಎಚ್ಚರ ತಪ್ಪಿದಂತೆ ದಿಟ್ಟಿಸಿ ನಿಂತರೆ, ಕರೆದರೂ ಓಗೊಡದಿದ್ದರೆ ಫಿಟ್ಸ್ ನೋಡಿಸಬೇಕು. ಕುತ್ತಿಗೆ ಜೋರಾಗಿ ಕೊಡವಿ ಕೈ ಜೋಮು ಹಿಡಿದರೆ ಅದೇ ದಿನ ದವಾಖಾನೆಗೆ.

ಉಳಿದಂತೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮಕ್ಕಳ ಅಥವಾ ಮನೋರೋಗ ವಿಭಾಗದಲ್ಲಿ ಕೇಳಿ. ದೂರದ ತಾಂಡಾದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ. “ಹ್ಯಾಬಿಟ್ ರಿವರ್ಸಲ್ ತರಬೇತಿ ಯಾರು ಕೊಡ್ತಾರ್ರಿ?” ಎಂದು ಹೆಸರು ಹಿಡಿದೇ ಕೇಳಿ. ಹೋಗುವಾಗ ವಿಡಿಯೊ, ನೋಟ್‌ಬುಕ್, ಇದುವರೆಗೆ ಕೊಟ್ಟ ಔಷಧಿಗಳ ಚೀಟಿ ಜೊತೆಗಿರಲಿ.