ಆಕ್ಟೇನ್ ಅನ್ನೋ ಪದದ ಪಾಡು

“ಹೈ ಆಕ್ಟೇನ್ ಎಂಜಿನ್, ಸಿಂಗಲ್ ಓನರ್, ಕೆಎ 17, ಸ್ಪೋರ್ಟ್ಸ್ ಕಾರ್ ಮಾರಾಟಕ್ಕಿದೆ.” ಇಂಥ ಜಾಹೀರಾತು ಮೊಬೈಲಿಗೆ ಬಂದಾಗಲೆಲ್ಲ ಸುಮ್ನೆ ಬಿಟ್ಟುಬಿಡುತ್ತಿದ್ದೆ. ಈಗ ದಾವಣಗೆರೆಯ ಬಂಕುಗಳಲ್ಲೂ ಅದೇ ರಾಗ: “ಅಣ್ಣ, ಆಕ್ಟೇನ್ ಜಾಸ್ತಿ ಇರೋದು ಹಾಕು, ಗಾಡಿ ಹಾರ್ಬೇಕು.” ಎಂಜಿನ್ನಿಗೆ ಆಕ್ಟೇನ್ ಅಂತ ಒಂದು ಇರುವುದೇ ಇಲ್ಲ. ಅದು ಪೆಟ್ರೋಲಿನ ಗುಣ. ಗಾಡಿ ಹಾರಿಸುವ ಗುಣವೂ ಅಲ್ಲ, ಒತ್ತಡ ತಾಳಿಕೊಳ್ಳುವ ಗುಣ.

ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಕಾಯುತ್ತದೆ. ಎಂಜಿನ್ನಿನಲ್ಲಿ ಪಿಸ್ಟನ್ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಹತ್ತು, ಹನ್ನೆರಡು ಪಟ್ಟು ಒತ್ತುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ಒಂದು ಕಡೆಯಿಂದ ಹರಡಿಕೊಂಡು ಹೋಗಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಕಾವು ತಾಳಲಾರದೆ ತಾನಾಗಿ ಸಿಡಿದರೆ ಅದೇ ನಾಕಿಂಗ್. ಮೇ ತಿಂಗಳ ಮಧ್ಯಾಹ್ನ, ಕಾರಿನ ತುಂಬ ಜನ, ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲಿ ಗೇರ್ ಇಳಿಸದೆ ಆಕ್ಸಿಲರೇಟರ್ ತುಳಿಯಿರಿ. ಬಾನೆಟ್ ಒಳಗಿಂದ ಯಾರೋ ಸಣ್ಣ ಸ್ಪ್ಯಾನರಿನಲ್ಲಿ ಬಡಿದ ಹಾಗೆ ಟಣಟಣ ಸದ್ದು ಕೇಳಿದರೆ ಮೆಕ್ಯಾನಿಕ್ ಹೇಳುವ “ನಾಕ್ ಹೊಡೀತಿದೆ” ಅನ್ನುವುದು ಅದನ್ನೇ. ಬಹಳ ದಿನ ಹೀಗೇ ಓಡಿಸಿದರೆ ಪಿಸ್ಟನ್, ರಿಂಗ್‌ಗೆ ಪೆಟ್ಟು. ಈ ಸಿಡಿತವನ್ನು ಪೆಟ್ರೋಲ್ ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಕೊಟ್ಟ ಅಂಕಿಯೇ ಆಕ್ಟೇನ್ ನಂಬರ್.

ಹೆಸರಿನ ಮೂಲದಲ್ಲಿರುವುದು ‘ಎಂಟು’. ಆಕ್ಟೋಪಸ್‌ನಲ್ಲಿ, ಹಳೇ ರೋಮನ್ನರ ಎಂಟನೇ ತಿಂಗಳಾಗಿದ್ದ ಅಕ್ಟೋಬರಿನಲ್ಲಿ, ಸ್ಕೋಡಾದವರ ಆಕ್ಟೇವಿಯಾದಲ್ಲಿ ಇರುವುದೂ ಅದೇ ಎಂಟು. ಆಕ್ಟೇನ್ ಅಣುವಿನಲ್ಲಿ ಎಂಟು ಕಾರ್ಬನ್, ಹದಿನೆಂಟು ಹೈಡ್ರೋಜನ್. ತಮಾಷೆ ಏನೆಂದರೆ, ಎಂಟು ಕಾರ್ಬನ್ನುಗಳೂ ಒಂದೇ ಸಾಲಿನಲ್ಲಿ ನಿಂತ ಸಾದಾ ಆಕ್ಟೇನಿನ ಆಕ್ಟೇನ್ ನಂಬರ್ ಸೊನ್ನೆಗಿಂತಲೂ ಕೆಳಗೆ! ನೂರು ಅಂಕ ಸಿಕ್ಕಿದ್ದು ಅದರ ದಾಯಾದಿ ಐಸೋ-ಆಕ್ಟೇನಿಗೆ. ಅದರಲ್ಲಿ ಐದು ಕಾರ್ಬನ್ ಸಾಲಿನಲ್ಲಿದ್ದರೆ ಮೂರು ಕೊಂಬೆಯ ಹಾಗೆ ಪಕ್ಕಕ್ಕೆ ಚಾಚಿವೆ. ಅದು ಸುಲಭಕ್ಕೆ ತಾನಾಗಿ ಸಿಡಿಯುವುದಿಲ್ಲ. ಸ್ವಲ್ಪ ಒತ್ತಿದರೂ ತಾನಾಗಿ ಸಿಡಿಯುವ ಹೆಪ್ಟೇನಿಗೆ ಸೊನ್ನೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಈ ಅಳತೆ ಮಾಡಿಟ್ಟರು. 95 ಅಂದರೆ ಪೆಟ್ರೋಲಿನಲ್ಲಿ ಶೇ. 95 ಆಕ್ಟೇನ್ ಇದೆ ಅಂತಲ್ಲ. ಶೇ. 95 ಐಸೋ-ಆಕ್ಟೇನ್, ಶೇ. 5 ಹೆಪ್ಟೇನ್ ಬೆರೆಸಿದರೆ ಎಷ್ಟು ತಾಳುತ್ತದೋ ಅಷ್ಟು ತಾಳುತ್ತದೆ ಅಂತ.

ಆಕ್ಟೇನೇ ಪವರ್ ಅನ್ನುವವರಿಗೆ ಒಂದೇ ಒಂದು ಉದಾಹರಣೆ ಸಾಕು. ದಾವಣಗೆರೆ ಎಪಿಎಂಸಿಗೆ ರಾಶಿ ರಾಶಿ ಬರುವ ಮೆಕ್ಕೆಜೋಳದಿಂದ ಎಥನಾಲ್ ತೆಗೆಯಬಹುದು. ಎಥನಾಲಿನ ಆಕ್ಟೇನ್ 108ರ ಆಸುಪಾಸು. ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ. ಅಂಕಿ ಮೇಲೆ, ಶಕ್ತಿ ಕೆಳಗೆ. ಇನ್ನು ಪವರ್, ಸ್ಪೀಡ್ ಅಂತ ಕಂಪನಿಗಳೇ ಪೆಟ್ರೋಲಿಗೆ ಹೆಸರಿಟ್ಟರೆ ಜನ ಬೇರೇನು ತಿಳಿಯಬೇಕು ಹೇಳಿ. ಎಂಜಿನ್ ತೊಳೆಯುವ ರಾಸಾಯನಿಕ ಬೆರೆಸುವುದೇ ಬೇರೆ, ಆಕ್ಟೇನ್ ಏರಿಸುವುದೇ ಬೇರೆ. ಹೆಸರು ಬಿಟ್ಟು ಪಕ್ಕದಲ್ಲಿರುವ 95, 99, 100 ನೋಡಿ.

ಆ ಅಂಕಿಯಲ್ಲೂ ಒಂದು ಎಡವಟ್ಟಿದೆ. ನನಗೆ ನಿಜಕ್ಕೂ ತಲೆ ಕೆಡುವುದು ಇಲ್ಲಿ. ಅಮೆರಿಕದವರ ವಿಡಿಯೊ ನೋಡುತ್ತಾರೆ. ಅಲ್ಲಿ ಸ್ಪೋರ್ಟ್ಸ್ ಕಾರಿಗೆ “91 ಸಾಕು” ಅಂದಿರುತ್ತಾರೆ. ನಮ್ಮ ಹುಡುಗರು “ನಮ್ಮ ಸಾದಾ ಪೆಟ್ರೋಲೇ 91 ಇತ್ತಲ್ಲ, ಪ್ರೀಮಿಯಂ ಯಾಕೆ?” ಅಂತ ವಾದ ಮಾಡುತ್ತಾರೆ. ಆ 91 ಬೇರೆ, ಈ 91 ಬೇರೆ.

ಆಕ್ಟೇನ್ ಅಳೆಯುವುದು ಒಂದೇ ಸಿಲಿಂಡರಿನ, ಓಡುತ್ತಿರುವಾಗಲೇ ಕಂಪ್ರೆಷನ್ (ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) ಏರಿಸಿ ಇಳಿಸಬಹುದಾದ ಪರೀಕ್ಷಾ ಎಂಜಿನ್ನಿನಲ್ಲಿ. ನಿಮಿಷಕ್ಕೆ 600 ಸುತ್ತಿನಲ್ಲಿ ಅಳೆದರೆ ಬರುವುದು ರಿಸರ್ಚ್ ಆಕ್ಟೇನ್ ನಂಬರ್, ಅಂದರೆ ಆರ್‌ಒಎನ್. 900 ಸುತ್ತು, ಮಿಶ್ರಣವನ್ನು ಇನ್ನಷ್ಟು ಕಾಯಿಸಿ ಅಳೆದರೆ ಮೋಟಾರ್ ಆಕ್ಟೇನ್ ನಂಬರ್, ಅಂದರೆ ಎಂಒಎನ್. ಎರಡನೆಯದು ಕಷ್ಟದ ಪರೀಕ್ಷೆ. ಹಾಗಾಗಿ ಅದೇ ಪೆಟ್ರೋಲಿಗೆ ಸಾಮಾನ್ಯವಾಗಿ ಎಂಟು-ಹತ್ತು ಅಂಕ ಕಮ್ಮಿ ಬರುತ್ತದೆ. ನಮ್ಮಲ್ಲಿ, ಯುರೋಪಿನಲ್ಲಿ ಹೇಳುವುದು ಆರ್‌ಒಎನ್. ಅಮೆರಿಕದ ಬಂಕಿನಲ್ಲಿ ಬರೆಯುವುದು ಎರಡರ ಸರಾಸರಿ, ಅದಕ್ಕೆ ಎಕೆಐ (ಆಂಟಿ ನಾಕ್ ಇಂಡೆಕ್ಸ್) ಅನ್ನುತ್ತಾರೆ. ಅಲ್ಲಿನ 87 ನಮ್ಮ 91-92 ಇದ್ದ ಹಾಗೆ. ಅಲ್ಲಿನ 91 ನಮ್ಮ 95-96. ಅಲ್ಲಿನ 93 ಅಂದರೆ ನಮ್ಮ 98ರ ಹತ್ತಿರ. ಜರ್ಮನಿಯ ಕಾರಿನಲ್ಲಿ ಆರ್‌ಒಝಡ್ ಅಂತ ಕಂಡರೆ ಗಾಬರಿ ಬೇಡ, ಅದು ಆರ್‌ಒಎನ್‌ನ ಜರ್ಮನ್ ಹೆಸರು ಅಷ್ಟೇ.

ಹಾಗಾದರೆ ಸ್ಪೋರ್ಟ್ಸ್ ಕಾರಿಗೆ ಯಾವುದು? ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿದ ಚೀಟಿ ಓದಿ. ಇಲ್ಲದಿದ್ದರೆ ಮ್ಯಾನುಯಲ್. ‘ಕನಿಷ್ಠ 95’ ಅಂದಿದ್ದರೆ 95ಕ್ಕಿಂತ ಕೆಳಗೆ ಇಳಿಯಬಾರದು. ‘98 ಉತ್ತಮ, 95 ನಡೆಯುತ್ತದೆ’ ಅಂತಿದ್ದರೆ 95 ಹಾಕಿದಾಗ ಗಾಡಿ ಸ್ವಲ್ಪ ಮಂದವಾಗಬಹುದು. ಕಾರಣ ನಾಕ್ ಸೆನ್ಸರ್. ಅದು ಟಣಟಣವನ್ನು ನಮಗಿಂತ ಮೊದಲೇ ಕೇಳಿಸಿಕೊಳ್ಳುತ್ತದೆ. ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಜೋರು ಇಳಿಯುತ್ತದೆ. ಅಂಥ ಕಾರಿಗೆ 98 ಹಾಕಿದಾಗ “ಪವರ್ ಬಂತು” ಅನ್ನಿಸುವುದು ಸುಳ್ಳಲ್ಲ. ಆದರೆ ಬಂದಿದ್ದು ಎಂಜಿನ್ನು ಮೊದಲೇ ಬಿಟ್ಟುಕೊಟ್ಟಿದ್ದು. 91ಕ್ಕೆ ಅಂತಲೇ ಮಾಡಿದ ಸಾದಾ ಹ್ಯಾಚ್‌ಬ್ಯಾಕಿಗೆ 100 ಹಾಕಿದರೆ ಹಾಗೆ ಬಿಟ್ಟುಕೊಟ್ಟಿದ್ದೇನೂ ಇರುವುದಿಲ್ಲ. ಲೀಟರಿಗೆ ಅಷ್ಟೊಂದು ಜಾಸ್ತಿ ಕೊಟ್ಟು ಪಿ.ಬಿ. ರೋಡಿನ ಸಿಗ್ನಲ್ಲಿನಲ್ಲಿ ನಿಂತರೆ ಏನು ಬಂತು?

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರೆ, ಕಂಪ್ರೆಷನ್ ಜಾಸ್ತಿ ಇದ್ದರೆ ಹೆಚ್ಚು ತಾಳಿಕೆ ಬೇಕಾಗುತ್ತದೆ. ಹಾಗಂತ ಸ್ಪೆಕ್ ಶೀಟ್ ನೋಡಿ ಲೆಕ್ಕ ಹಾಕಲು ಹೋಗಬೇಡಿ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ ಒಳಗೇ ತಣಿದು ಹೆಚ್ಚು ಒತ್ತಡ ತಾಳುತ್ತದೆ. ರೀಮ್ಯಾಪ್ ಮಾಡಿಸಿದ್ದರೆ, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿದ್ದರೆ ಮಾತ್ರ ಚೀಟಿ ಲೆಕ್ಕಕ್ಕಿಲ್ಲ, ಮ್ಯಾಪ್ ಮಾಡಿದವರು ಹೇಳಿದ ಅಂಕಿಯೇ ಪ್ರಮಾಣ.

ಬಾಟಲಿಯಲ್ಲಿ ಬರುವ ಆಕ್ಟೇನ್ ಬೂಸ್ಟರಿನ ಮೇಲೆ ‘30 ಪಾಯಿಂಟ್’ ಅಂತ ಕಂಡರೆ 95 ಹೋಗಿ 125 ಆಗುತ್ತದೆ ಅಂದುಕೊಳ್ಳಬೇಡಿ. ಅವರ ಲೆಕ್ಕದಲ್ಲಿ ಹತ್ತು ಪಾಯಿಂಟಿಗೆ ಒಂದು ಅಂಕ. ಡೀಸೆಲ್‌ಗೆ ಆಕ್ಟೇನ್ ಕೇಳುವವರೂ ಇದ್ದಾರೆ. ಅಲ್ಲಿರುವುದು ಸೀಟೇನ್, ಎಷ್ಟು ಬೇಗ ತಾನಾಗಿ ಹೊತ್ತಿಕೊಳ್ಳುತ್ತದೆ ಅನ್ನುವ ತದ್ವಿರುದ್ಧ ಅಳತೆ.

ಈಗ ಬಂಕುಗಳಲ್ಲಿ ಸಿಗುವ ಇ20, ಅಂದರೆ ಶೇ. 20 ಎಥನಾಲ್ ಬೆರೆತ ಸಾದಾ ಪೆಟ್ರೋಲಿನ ಆಕ್ಟೇನ್ 95. ಎಥನಾಲಿನ ಪುಣ್ಯ. ಆದರೆ 95 ಕೇಳುವ ಹಳೇ ಸ್ಪೋರ್ಟ್ಸ್ ಕಾರಿಗೆ ಅಷ್ಟರಿಂದ ಎಲ್ಲ ಸರಿಹೋಯಿತು ಅಂತಲ್ಲ. ಅದೇ ಮುಚ್ಚಳದಲ್ಲಿ ಇ5, ಇ10 ಅಂತ ಇನ್ನೊಂದು ಗುರುತಿರಬಹುದು. ಎಷ್ಟು ಎಥನಾಲನ್ನು ಪೈಪು, ಸೀಲುಗಳು ತಡೆಯುತ್ತವೆ ಅನ್ನುವುದು ಆಕ್ಟೇನಿಗೆ ಸಂಬಂಧವಿಲ್ಲದ ಬೇರೆಯೇ ಪ್ರಶ್ನೆ. 98 ಕೇಳುವ ಕಾರಿಗೆ ದಾರಿಯಲ್ಲಿ 95 ಮಾತ್ರ ಸಿಕ್ಕಿತು, ಮುಂದಿನ ಊರಲ್ಲಿ 100 ಸಿಗುತ್ತದೆ ಅನ್ನಿ. ಅರ್ಧರ್ಧ ಬೆರೆತರೆ ಹೆಚ್ಚುಕಡಿಮೆ 97-98 ಆಗುತ್ತದೆ. ಅಲ್ಲಿವರೆಗೆ ಏರಿನಲ್ಲಿ ಗೇರ್ ಇಳಿಸಿ, ಆಕ್ಸಿಲರೇಟರ್ ಹಗುರಾಗಿ ತುಳಿದು ಹೋಗಿ.